ಫೋಟೋದಲ್ಲಿ ಸರಿಯಾಗಿದ್ದ ಹಲ್ಲು

ಹಲ್ಲಕ್ಕನಿಗೆ ಆ ಹೆಸರು ಬಂದದ್ದು ಹಲ್ಲುಬ್ಬಿದ್ದರಿಂದಲ್ಲ. ಸಿಕ್ಕಸಿಕ್ಕವರ ಮೇಲೆ ಹಲ್ಲು ಕಡಿಯುತ್ತಾಳೆಂದೂ ಅಲ್ಲ, ಅದೇನು ಸುಳ್ಳಲ್ಲದಿದ್ದರೂ. ಅವಳ ಕಸುಬೇ ಹಲ್ಲು. ಸೈಕಲ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಅದರಲ್ಲೊಂದು ಮೇಜು, ಮೇಜಿನ ಮೇಲೆ ಯಾರ್ಯಾರದೋ ಬಾಯಿಯ ಅಚ್ಚುಗಳು ಪ್ಲಾಸ್ಟರಿನಲ್ಲಿ ಸಾಲಾಗಿ ಹಲ್ಲು ಕಿರಿದುಕೊಂಡು ಕೂತಿರುತ್ತವೆ. ಪಕ್ಕದಲ್ಲಿ ಪಿಂಗಾಣಿ ಪುಡಿಯ ಪುಟ್ಟ ಡಬ್ಬಿಗಳು, ಬೆಕ್ಕಿನ ಮೀಸೆಯಂಥ ಕುಂಚಗಳು, ಮೂಲೆಯಲ್ಲಿ ಹಲ್ಲು ಸುಡುವ ಒಲೆ. ಹಲ್ಲಿನ ಡಾಕ್ಟರುಗಳು ಅಚ್ಚು ತೆಗೆಯುತ್ತಾರೆ, ಬಿಳಿ ಕೋಟು ಹಾಕಿಕೊಳ್ಳುತ್ತಾರೆ, ಗೋಡೆಗೆ ಪದವಿ ತಗುಲಿಸುತ್ತಾರೆ. ಹಲ್ಲು ಹುಟ್ಟುವುದು ಮಾತ್ರ ಈ ಕೋಣೆಯಲ್ಲಿ.

ಹಲ್ಲಕ್ಕನ ಜಂಬ ಒಂದೇ. ಅವಳು ಮಾಡಿದ ಹಲ್ಲನ್ನು ಯಾರೂ ಗುರುತು ಹಿಡಿಯಬಾರದು. ಕಟ್ಟಿಸಿಕೊಂಡವರ ಗಂಡನಿಗೂ ಗೊತ್ತಾಗಬಾರದು. ‘ಚೆನ್ನಾಗಿ ಮಾಡಿದ್ದೀರಿ’ ಎಂದು ಯಾರಾದರೂ ಹೊಗಳಿದರೆ ಅವಳಿಗೆ ಬೈದ ಹಾಗೆ. ‘ಕಂಡಿತು ಅಂದ್ರೆ ಕೆಟ್ಟಿತು ಅಂತ ತಾನೆ?’ ಎನ್ನುತ್ತಿದ್ದಳು. ವಯಸ್ಸಾದವರ ಮುಂಭಾಗದ ಹಲ್ಲು ಮಾಡುವಾಗ ಅದರ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೀರನ್ನೂ ಎಳೆದುಬಿಡುವಳು. ಬಾಳಿದ ಹಲ್ಲಿಗೆ ಗೀರಿರದೆ ಇರುತ್ತದೆಯೇ? ಅವಳು ಎಡಚಿಯಾದ್ದರಿಂದ ಆ ಗೀರು ಸದಾ ಒಂದೇ ಕಡೆಗೆ ವಾಲುತ್ತಿತ್ತು. ಅದು ಅವಳಿಗೆ ಮಾತ್ರ ಗೊತ್ತು.

ಬಣ್ಣ ನೋಡಲು ಅವಳದೊಂದು ಪದ್ಧತಿಯಿತ್ತು. ಮೊದಲೆಲ್ಲ ಡಾಕ್ಟರುಗಳು ರೋಗಿಯನ್ನೇ ಅವಳ ಬಳಿ ಕಳಿಸುತ್ತಿದ್ದರು. ಬಂದವರನ್ನು ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕೂರಿಸುವಳು. ತುದಿಯಲ್ಲಿ ಒಂದೊಂದು ಹಲ್ಲಿರುವ ಬಣ್ಣದ ಕಡ್ಡಿಗಳ ಗೊಂಚಲನ್ನು ಕೈಗೆತ್ತಿಕೊಳ್ಳುವಳು. ಆಮೇಲೆ ಜಗಳ ತೆಗೆಯುವಳು!

‘ಚಪ್ಪಲಿ ಎಲ್ಲಿ ಬಿಟ್ರಿ? ಮೆಟ್ಟಿಲ ಮೇಲೇನಾ? ಬೇರೆಯವರು ಓಡಾಡೋದು ಬೇಡ್ವಾ?’

‘ಇಲ್ಲಮ್ಮ, ಕೆಳಗೇ ಬಿಟ್ಟಿದ್ದೀನಿ…’

‘ಸುಳ್ಳು ಬೇರೆ!’

ಬಂದವರು ಕೆರಳಿ ಬಾಯಿ ತೆಗೆದು ಎರಡು ಮಾತಾಡುವಷ್ಟರಲ್ಲಿ ಹಲ್ಲಕ್ಕ ಕಡ್ಡಿ ಹಿಡಿದು, ಬಣ್ಣ ಹೊಂದಿಸಿ, ‘ಆಯ್ತು ಹೋಗಿ’ ಎಂದುಬಿಡುತ್ತಿದ್ದಳು. ನಗುವವರು ಹಲ್ಲನ್ನು ಅರ್ಧ ಬಚ್ಚಿಡುತ್ತಾರಂತೆ, ಕೋಪ ಬಂದವರು ಪೂರ್ತಿ ತೋರಿಸುತ್ತಾರಂತೆ. ಹೀಗೆ ಅರ್ಧ ಊರಿನ ಜೊತೆ ಅವಳು ಜಗಳವಾಡಿದ್ದಾಳೆ, ಅರ್ಧ ಊರು ಅವಳ ಹಲ್ಲಿನಲ್ಲೇ ಉಣ್ಣುತ್ತಿದೆ.

ಆಮೇಲೆ ಸ್ಮಾರ್ಟ್‌ಫೋನು ಬಂತು. ಅವಳ ಮೈದುನ ಫೋನಿನ ಆಪ್‌ಗಳನ್ನು ಬರೆಯುವವನು. ಮೂರು ಹೊತ್ತೂ ಕುರ್ಚಿಗೆ ಅಂಟಿಕೊಂಡು ಬೆನ್ನು ಬಿಲ್ಲಾಗಿದ್ದ ಪಾಪದ ಪ್ರಾಣಿ. ಅತ್ತಿಗೆಗೆ ಉಪಕಾರ ಮಾಡೋಣವೆಂದು ಒಂದು ಆಪ್ ಬರೆದುಕೊಟ್ಟ. ಡಾಕ್ಟರು ರೋಗಿಯ ಹಲ್ಲಿನ ಪಕ್ಕ ಬಣ್ಣದ ಕಡ್ಡಿ ಹಿಡಿದು ಫೋಟೋ ತೆಗೆದರೆ ಸಾಕು, ಒಂದಿಷ್ಟೂ ತಿದ್ದದೆ, ಇದ್ದದ್ದು ಇದ್ದ ಹಾಗೆ ಅದು ಹಲ್ಲಕ್ಕನ ಫೋನಿಗೆ ಬರುತ್ತದೆ. ಡಾಕ್ಟರುಗಳಿಗೆ ಸಲೀಸಾಯಿತು. ರೋಗಿಗಳು ಬೈಸಿಕೊಳ್ಳಲು ಮೆಟ್ಟಿಲು ಹತ್ತುವುದು ತಪ್ಪಿತು. ಹಲ್ಲಕ್ಕನಿಗೂ ಕೂತಲ್ಲೇ ಕೆಲಸ ಕೈಗೆ ಬಂತು. ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಹಳೆಯ ಡಬ್ಬಿಗಳು ಸೇರಿಕೊಂಡವು.

ಇನ್ನು ಫೋನಿಗೆ ಅಪ್‌ಡೇಟ್ ಬರುವ ಚಂದವನ್ನು ನೀವೂ ಬಲ್ಲಿರಿ. ಕರೆಯದೆ ಬರುವ ನೆಂಟ ಅದು. ‘ಈಗಲೇ’ ಎಂದೊಂದು ಗುಂಡಿ, ‘ಆಮೇಲೆ’ ಎಂದೊಂದು ಗುಂಡಿ. ‘ಬೇಡ’ ಎಂಬ ಮೂರನೆಯ ಗುಂಡಿ ಮಾಡುವ ವಿದ್ಯೆ ಅಷ್ಟು ದೊಡ್ಡ ಕಂಪನಿಯಲ್ಲಿ ಒಬ್ಬನಿಗೂ ಬರುವುದಿಲ್ಲ. ಒಳಗೆ ಬಂದ ನೆಂಟ ಸುಮ್ಮನೆ ಉಂಡು ಹೋದರೂ ಆದೀತು. ಇವನು ನಿಮ್ಮ ಅಡುಗೆಮನೆಯ ಡಬ್ಬಿಗಳ ಜಾಗವನ್ನೆಲ್ಲ ಬದಲಿಸಿ, ‘ನಿಮ್ಮ ಅನುಕೂಲಕ್ಕೆ’ ಎಂದು ಚೀಟಿ ಅಂಟಿಸಿ ಹೋಗುತ್ತಾನೆ. ಉಪ್ಪು ಹುಡುಕುವುದು ನಿಮ್ಮ ಹಣೆಬರಹ. ಅಂಥದೊಂದು ಅಪ್‌ಡೇಟ್ ಆ ವರ್ಷವೂ ಬಂತು. ಅದರಲ್ಲೇನಿದೆ ಎಂದು ಕೇಳಿದವರಿಗೆ ಫೋನು ಹೇಳಿದ್ದು ಒಂದೇ ಸಾಲು: ‘ನಿಮ್ಮ ಕ್ಯಾಮೆರಾ ಈಗ ನಿಮ್ಮನ್ನು ಇನ್ನೂ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತದೆ.’

ಆಹಾ, ಕಟ್ಟಿಕೊಂಡವರಿಗೇ ಆಗದ ಕೆಲಸ!

ಅದಾದ ಮೇಲೆ ಹಲ್ಲಕ್ಕನಿಗೆ ಬರುವ ಫೋಟೋಗಳಲ್ಲಿ ಊರಿನ ಹಲ್ಲುಗಳು ಬೆಳ್ಳಗಾಗತೊಡಗಿದವು. ಅವಳಿಗೆ ಅದು ಕಾಣಲಿಲ್ಲವೆಂದಲ್ಲ. ಕಂಡಿತು, ಹೊಟ್ಟೆಯೂ ಉರಿಯಿತು. ‘ಎಲ್ಲರೂ ಅದ್ಯಾವ ಪೇಸ್ಟು ತಿಕ್ತಾರೋ’ ಎಂದು ಗೊಣಗಿಕೊಂಡು ಬಿಳಿ ಪುಡಿಯ ಡಬ್ಬಿಗೆ ಕೈ ಹಾಕಿದಳು. ಒಂದು ದಿನ ಒಂದು ಅಚ್ಚು ಬಂತು, ಮುಂಭಾಗದ ಮೇಲಿನ ಹಲ್ಲು. ಜೊತೆಗಿದ್ದ ಚೀಟಿಯಲ್ಲಿ ಹೆಸರಿಲ್ಲ, ‘ಹೆಂಗಸು, ಅರವತ್ತು ದಾಟಿದೆ’ ಎಂದಷ್ಟೇ. ಫೋಟೋದಲ್ಲಿ ಅಕ್ಕಪಕ್ಕದ ಹಲ್ಲುಗಳು ಮಲ್ಲಿಗೆ ಮೊಗ್ಗು. ಈ ವಯಸ್ಸಿಗೆ ಇಂಥ ಹಲ್ಲೇ ಎಂದು ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಕಣ್ಣನ್ನು ಫೋನಿಗೆ ಬಾಡಿಗೆ ಕೊಟ್ಟ ಮೇಲೆ ತಲೆಯೂ ಅದರ ಹಿಂದೆಯೇ ಹೋಯಿತು. ಮಲ್ಲಿಗೆ ಮೊಗ್ಗಿನಂಥ ಹಲ್ಲೊಂದನ್ನು ಮಾಡಿ, ವಾಡಿಕೆಯಂತೆ ಗೀರೆಳೆದು ಕಳಿಸಿದಳು.

ಇಲ್ಲಿ ಹಲ್ಲಕ್ಕನ ಬೀಗಿತ್ತಿಯನ್ನು, ಅಂದರೆ ಮಗಳ ಅತ್ತೆಯನ್ನು, ಕರೆತರಬೇಕು. ಆಕೆ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಕೂದಲು ಹಣ್ಣಾದವಳು. ಎದುರಿಗೆ ನಿಂತವರೆಲ್ಲ ಸಾಲಿನಲ್ಲಿರಬೇಕು, ಸರಿಯಾದ ಚಿಲ್ಲರೆ ಹಿಡಿದಿರಬೇಕು ಎಂದು ನಿವೃತ್ತಿಯ ಮೇಲೂ ನಂಬಿದವಳು. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು. ಮಕ್ಕಳ ಮದುವೆಯ ದಿನದಿಂದಲೂ ಈ ಇಬ್ಬರು ನಗುನಗುತ್ತಲೇ ಒಬ್ಬರನ್ನೊಬ್ಬರು ಕೊಯ್ಯುತ್ತಿದ್ದರು.

ಮಗಳ ಗಂಡನಿಗೆ ಕೆಲಸದಲ್ಲಿ ಬಡ್ತಿಯಾಯಿತೆಂದು ಒಂದು ಭಾನುವಾರ ಮಗಳ ಮನೆಯಲ್ಲಿ ಊಟವಿತ್ತು. ಹಲ್ಲಕ್ಕ ಹೋದಳು. ಊಟದ ಮಧ್ಯೆ ಅಳಿಯ ಏನೋ ತಮಾಷೆ ಹೇಳಿದ, ಬೀಗಿತ್ತಿ ಬಾಯ್ತುಂಬ ನಕ್ಕಳು. ಆ ಬಾಯಲ್ಲಿ, ಹಳೆಯ ದಂತದ ಬಣ್ಣದ ಹಲ್ಲುಗಳ ನಡುವೆ, ಒಂದು ಹಲ್ಲು ಓಣಿಯ ಬಲ್ಬಿನ ಹಾಗೆ ಹತ್ತಿಕೊಂಡಿತು.

ಹಲ್ಲಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಸುಮ್ಮನಿರುವ ಜಾಯಮಾನವಂತೂ ಅಲ್ಲ.

‘ಬೀಗಿತ್ತಿಯವರೇ, ತಪ್ಪು ತಿಳ್ಕೋಬೇಡಿ. ಯಾರು ನಿಮ್ಮ ಬಾಯಿಗೆ ಈ ಸುಣ್ಣದ ಉಂಡೆ ಹಾಕಿದ್ದು?’

‘ಅಮ್ಮಾ!’ ಎಂದಳು ಮಗಳು.

‘ಯಾವ ಸುಣ್ಣ? ನನ್ನ ಬಾಯಲ್ಲಿರೋದೆಲ್ಲ ನಂದೇ ಹಲ್ಲು’ ಎಂದಳು ಬೀಗಿತ್ತಿ.

‘ಕತೆ ಹೇಳ್ಬೇಡಿ. ಹಲ್ಲಕ್ಕನ ಮುಂದೆ ಹಲ್ಲಿನ ಕತೆಯಾ? ಇದನ್ನ ಮಾಡಿದ ಮುಠ್ಠಾಳನಿಗೆ ಹಲ್ಲಿರಲಿ, ಹೆಂಚು ಮಾಡೋಕೂ ಬರಲ್ಲ. ಕಣ್ಣೇ ಇಲ್ವೇನೋ ಅವನಿಗೆ!’

ಅಳಿಯ ತಾಯಿಯ ಕಡೆ ತಿರುಗಿದ. ‘ಹಲ್ಲು ಕಟ್ಟಿಸಿದ್ಯಾಮ್ಮಾ? ಯಾವಾಗ? ಯಾಕೆ?’

ಬೀಗಿತ್ತಿಗೆ ಬೇರೆ ದಾರಿ ಉಳಿಯಲಿಲ್ಲ. ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲಿ ತೆಗೆಯಲು ಹೋಗಿ, ಮುಚ್ಚಳ ಉಳಿದು ಹಲ್ಲು ಹೋಯಿತಂತೆ. ಅದನ್ನು ಯಾರಿಗೂ ಹೇಳದೆ, ಅದರಲ್ಲೂ ಹಲ್ಲಕ್ಕನಿಗೆ ತಿಳಿಯದ ಹಾಗೆ, ಊರಾಚೆಯ ಡಾಕ್ಟರ ಹತ್ತಿರ ಹೋಗಿ, ಹೆಸರು ಬರೆಯಬೇಡಿ ಎಂದು ಹೇಳಿ ಕಟ್ಟಿಸಿಕೊಂಡು ಬಂದಿದ್ದಳು. ಗುಟ್ಟು ಬಯಲಾದರೂ ಸೋಲು ಒಪ್ಪುವವಳೇ? ಫೋನು ತೆಗೆದು, ತೋಳು ಚಾಚಿ, ನಕ್ಕು, ತನ್ನದೇ ಫೋಟೋ ಹೊಡೆದುಕೊಂಡು ಮೇಜಿನ ಮೇಲೆ ತಳ್ಳಿದಳು.

‘ನೋಡಿ ಎಲ್ಲರೂ. ಒಂದೇ ಬಣ್ಣ ಇದೆಯೋ ಇಲ್ವೋ?’

ಫೋನು ಕೈಯಿಂದ ಕೈಗೆ ಹೋಯಿತು. ನಿಜವೇ! ಫೋಟೋದಲ್ಲಿ ಹಲ್ಲುಗಳೆಲ್ಲ ಒಂದೇ ತಾಯಿಯ ಮಕ್ಕಳು.

‘ಸರಿಯಾಗೇ ಇದೆಯಲ್ಲ ಅತ್ತೆ’ ಎಂದ ಅಳಿಯ. ಅವನ ಅಣ್ಣ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ನೋಡಿ, ‘ಏನೂ ವ್ಯತ್ಯಾಸ ಇಲ್ಲಪ್ಪ’ ಎಂದ.

ಹಲ್ಲಿನ ಒಡತಿ ಎದುರಿಗೇ ಬಾಯಿ ತೆಗೆದು ಕೂತಿದ್ದಾಳೆ, ಕಿಟಕಿಯಿಂದ ಬೆಳಕೂ ಬೀಳುತ್ತಿದೆ. ಒಬ್ಬನಾದರೂ ಆ ಬಾಯಿ ನೋಡಲಿ! ಎಲ್ಲರ ತಲೆಯೂ ಫೋನಿನಲ್ಲಿ. ಕೈಯಲ್ಲಿ ದೀಪ ಹಿಡಿದು ಬಾವಿಗೆ ಬೀಳುವುದೆಂದರೆ ಇದೇ.

‘ಫೋಟೋ ಅತ್ಲಾಗಿಡ್ರೋ, ಬಾಯಿ ನೋಡ್ರೋ!’ ಎಂದು ಹಲ್ಲಕ್ಕ ಎದ್ದೇಬಿಟ್ಟಳು. ಕನ್ನಡಕ ಏರಿಸಿಕೊಂಡು ಬೀಗಿತ್ತಿಯ ಮುಖದ ಹತ್ತಿರ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು.

ಹಲ್ಲಿನ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೀರು. ಅದೇ ಕಡೆಗೆ ವಾಲಿದ ಗೀರು.

‘ಏನಾಯ್ತು? ಮಾತೇ ನಿಂತೋಯ್ತು?’ ಎಂದಳು ಬೀಗಿತ್ತಿ.

ಹಲ್ಲಕ್ಕನಿಗೆ ಜಂಬವಿತ್ತು, ಸುಳ್ಳಿರಲಿಲ್ಲ. ‘ಇದು ನನ್ನ ಕೈಯ್ದೇ’ ಎಂದಳು.

‘ಏನಂದ್ರಿ?’

‘ನಾನೇ ಮಾಡಿದ್ದು ಅಂದೆ.’

‘ಓಹೋ. ಹಾಗಾದ್ರೆ ಕಣ್ಣಿಲ್ಲದ ಮುಠ್ಠಾಳ ಯಾರು ಅಂತ ಗೊತ್ತಾಯ್ತಲ್ಲ’ ಎಂದು ಬೀಗಿತ್ತಿ ತಟ್ಟೆ ಬಿಟ್ಟು ಎದ್ದಳು. ಕೋಣೆಯ ಬಾಗಿಲು ಹಾಕಿಕೊಂಡ ಸದ್ದಿಗೆ ಗೋಡೆಯ ಗಡಿಯಾರ ಓರೆಯಾಯಿತು.

ಮಗಳು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: ‘ಅಮ್ಮ, ನೀನು ಕೈ ತೊಳ್ಕೊಂಡು ಮನೆಗೆ ಹೋಗ್ತೀಯ. ನಾನು ಇಲ್ಲೇ ಇರ್ಬೇಕು. ಆ ಹಲ್ಲು ಅವರೇ ಒಪ್ಪೋ ಹಾಗೆ ಸರಿ ಮಾಡಿಕೊಡು. ಅಲ್ಲೀವರೆಗೂ ಈ ಮನೆ ಮೆಟ್ಟಿಲು ಹತ್ಬೇಡ.’

ಮಗಳ ಬಾಯಿಂದ ಅಂಥ ಮಾತು ಹಲ್ಲಕ್ಕ ಕೇಳಿದ್ದು ಅದೇ ಮೊದಲು.

ಅವಳು ನೇರ ಆ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಫೋನನ್ನು ಮಗುವಿನಂತೆ ಎತ್ತಿ ತೋರಿಸಿದರು. ‘ಅಪ್‌ಡೇಟ್ ಬಂದ ದಿನವೇ ಹಾಕ್ಕೋತೀನಿ ನಾನು. ಹಲ್ಲು ಕೂರಿಸಿದ ಮೇಲೂ ಫೋಟೋ ತೆಗೆದು ನೋಡಿದ್ದೀನಿ. ಪರ್ಫೆಕ್ಟ್!’

‘ಡಾಕ್ಟ್ರೇ, ಬಾಯಿ ನಿಮ್ಮ ಮುಂದೇ ಇತ್ತಲ್ವಾ?’

‘ಇತ್ತು. ಆದ್ರೆ ಫೋಟೋದಲ್ಲಿ ಇನ್ನೂ ಕ್ಲಿಯರ್ ಆಗಿ ಕಾಣತ್ತೆ.’

ಹಲ್ಲಿದ್ದವನಿಗೆ ಕಡಲೆಯಿಲ್ಲ ಎನ್ನುತ್ತಾರೆ. ಕಣ್ಣಿದ್ದವನಿಗೆ ನೋಟವಿಲ್ಲದ್ದಕ್ಕೆ ಯಾವ ಗಾದೆಯಿದೆಯೋ! ಹಲ್ಲಕ್ಕ ಅಲ್ಲಿಂದ ಮೈದುನನ ಮನೆಗೆ ಬಂದಳು. ಅವನ ಮೇಜಿನ ಮೇಲೆ ಹಳೆಯ, ಹೊಸ, ಬಿರುಕುಬಿಟ್ಟ ಫೋನುಗಳು ವೈರುಗಳ ಬಲೆಯಲ್ಲಿ ಸಿಕ್ಕ ಮೀನುಗಳಂತೆ ಬಿದ್ದಿದ್ದವು.

‘ನಿನ್ನ ಆಪ್ ನನ್ನ ಮಾನ ತೆಗೀತು ಕಣೋ.’

‘ಸಾಧ್ಯವೇ ಇಲ್ಲ ಅತ್ತಿಗೆ. ಅಪ್‌ಡೇಟ್ ಬಂದ ಕೂಡಲೇ ಪರೀಕ್ಷೆ ಮಾಡಿದ್ದೀನಿ’ ಎಂದು ಅವನು ಪ್ಲಾಸ್ಟರಿನ ದವಡೆಯೊಂದನ್ನು ಎತ್ತಿ, ಪಕ್ಕದಲ್ಲಿ ಕಡ್ಡಿ ಹಿಡಿದು ಫೋಟೋ ತೆಗೆದ. ಬಣ್ಣ ಕೂದಲಷ್ಟೂ ಆಚೀಚೆ ಇಲ್ಲ.

‘ಪ್ಲಾಸ್ಟರ್ ಊಟ ಮಾಡ್ತದೇನೋ? ಇಲ್ಲಿ ತೆಗಿ’ ಎಂದು ಹಲ್ಲಕ್ಕ ತನ್ನ ಬಾಯಿ ತೆರೆದಳು. ವರ್ಷಾನುಗಟ್ಟಲೆ ಚಹಾ ಕುಡಿದ ಹಲ್ಲುಗಳವು. ಫೋಟೋದಲ್ಲಿ ನೋಡಿದರೆ ಹಾಲುಹಲ್ಲು! ಪಕ್ಕದಲ್ಲಿ ಹಿಡಿದಿದ್ದ ಕಡ್ಡಿ ಮಾತ್ರ ಇದ್ದ ಬಣ್ಣದಲ್ಲೇ ಇತ್ತು.

ಮೈದುನನ ಮುಖ ಇಂಗು ತಿಂದ ಮಂಗನಂತಾಯಿತು. ಅವನು ಮತ್ತೆ ತೆಗೆದ, ಮತ್ತೆ ನೋಡಿದ. ಕಾಗದದಲ್ಲಿ ಸೀಳು ಮಾಡಿ, ಅತ್ತಿಗೆಯ ಮುಖಕ್ಕೆ ಅಡ್ಡ ಹಿಡಿದು, ಸೀಳಿನಿಂದ ಎರಡೇ ಹಲ್ಲು ಕಾಣುವಂತೆ ಮಾಡಿ ತೆಗೆದ. ಚಹಾದ ಬಣ್ಣ ವಾಪಸು ಬಂತು. ಆಗ ಗುಟ್ಟು ಬಿಚ್ಚಿಕೊಂಡಿತು. ಹೊಸ ಅಪ್‌ಡೇಟ್ ಮುಖವನ್ನು ಕಂಡರೆ ಬಾಯಿ ಹುಡುಕುತ್ತದೆ, ಬಾಯಿ ಸಿಕ್ಕರೆ ಹಲ್ಲು ಬೆಳಗುತ್ತದೆ. ಆಪ್‌ಗೆ ಚಿತ್ರ ಕೊಡುವ ಮೊದಲೇ, ಆಪ್‌ಗೂ ಗೊತ್ತಾಗದ ಹಾಗೆ. ಪ್ಲಾಸ್ಟರಿಗೆ ಮುಖವಿಲ್ಲ, ಕಡ್ಡಿಗೆ ತುಟಿಯಿಲ್ಲ, ಹಾಗಾಗಿ ಅವೆರಡೂ ಬಚಾವು. ಬೀಗಿತ್ತಿಯ ಫೋಟೋದಲ್ಲಿ ಹಲ್ಲೆಲ್ಲ ಒಂದಾದದ್ದೂ ಹೀಗೇ. ಫೋನು ಉಳಿದ ಹಲ್ಲುಗಳಿಗೆ ಸುಣ್ಣ ಬಳಿದು ಸುಣ್ಣದ ಹಲ್ಲಿಗೆ ಜೋಡಿ ಮಾಡಿತ್ತು.

‘ನಿಂಗೆ ಮೊದಲೇ ಹೇಳ್ಬಾರ್ದಿತ್ತಾ ಅವರು?’

‘ಹೇಳಿದ್ರಂತೆ. ನೂರಾರು ಪುಟದ ಕಡತದಲ್ಲಿ ಎಲ್ಲೋ ಒಂದು ಸಾಲು. ಚಿತ್ರಗಳು ಇನ್ನಷ್ಟು ಸಹಜವಾಗಿರ್ತವೆ ಅಂತ.’ ಅವನು ತಲೆ ಕೆರೆದುಕೊಂಡ. ‘ನಾವು ಆಪ್ ಮಾಡೋರೆಲ್ಲ ಬಾಡಿಗೆ ಮನೇಲಿರೋರು ಅತ್ತಿಗೆ. ಮಾಲೀಕ ವರ್ಷಕ್ಕೊಮ್ಮೆ ಬಂದು ಗೋಡೆ ಸರಿಸಿ ಹೋಗ್ತಾನೆ. ಕಪಾಟು ಎಲ್ಲಿಡ್ಬೇಕು ಅಂತ ನಾವು ವರ್ಷವಿಡೀ ಹೆಗಲ ಮೇಲೆ ಹೊತ್ಕೊಂಡು ತಿರುಗ್ತೀವಿ. ಹೊಸದಾಗಿ ಏನಾದ್ರೂ ಮಾಡಿ ಎಷ್ಟು ಕಾಲ ಆಯ್ತೋ! ಇದ್ದದ್ದು ಇದ್ದ ಹಾಗೇ ಇರೋಕೇ ದುಡೀತಿದ್ದೀನಿ.’

ಅವನು ಕಂಪನಿಗೆ ಬರೆದ. ಉತ್ತರ ಬಂತು: ‘ನಿಮ್ಮ ಅನಿಸಿಕೆಗೆ ಧನ್ಯವಾದಗಳು. ಇದು ದೋಷವಲ್ಲ, ಸೌಲಭ್ಯ. ನಮ್ಮ ಬಳಕೆದಾರರು ತಮ್ಮ ನಗುವನ್ನು ಈಗ ಮೊದಲಿಗಿಂತ ಹೆಚ್ಚು ಇಷ್ಟಪಡುತ್ತಿದ್ದಾರೆ.’ ಕೆಳಗೆ ನಗುವ ಮುಖದ ಚಿತ್ರ. ಅದರ ಹಲ್ಲೂ ಬಿಳಿ.

ಹೀಗಾಗಿ, ಜಗತ್ತಿನ ಬುದ್ಧಿಯೆಲ್ಲ ಅಂಗೈಗೆ ಬಂದಿಳಿದ ಈ ಕಾಲದಲ್ಲಿ, ಆ ಊರಿನ ಹಲ್ಲಿನ ಆಸ್ಪತ್ರೆಗಳಲ್ಲಿ ರೋಗಿಗಳು ಮುಖಕ್ಕೆ ಸೀಳಿದ ಕಾಗದ ಅಡ್ಡ ಹಿಡಿದು ಕೂರತೊಡಗಿದರು. ‘ಇಷ್ಟು ಓದಿ ಕೊನೆಗೆ ಕತ್ತರಿ ಹಿಡಿಯೋದು ಕಲಿತೆ’ ಎಂದ ಮೈದುನ.

ಆದರೆ ಬೀಗಿತ್ತಿ ಕಾಗದ ಹಿಡಿಯುವ ಪೈಕಿಯೇ? ‘ನನ್ನ ಮುಖ ಮುಚ್ಚಿಸೋಕೆ ಅವರ್ಯಾರು? ನನ್ನ ಹಲ್ಲಿಗೇನಾಗಿದೆ? ಫೋಟೋ ನೋಡಿ’ ಎಂದು ಸೊಸೆಯ ಮೂಲಕ ಹೇಳಿ ಕಳಿಸಿದಳು. ಮಗಳು ಅದನ್ನು ಫೋನಿನಲ್ಲಿ ತಾಯಿಗೆ ಒಪ್ಪಿಸಿ, ಕರೆ ಮುಗಿಸಿಬಿಟ್ಟಳು. ಹಲ್ಲಕ್ಕ ಕಿಟಕಿಯ ಸ್ಟೂಲಿನ ಮೇಲಿನ ಡಬ್ಬಿಗಳನ್ನು ಕೆಳಗಿಳಿಸಿ, ಒರೆಸಿಟ್ಟು, ಕಾದಳು. ಕಾಯುವುದು ಅವಳ ಜಾತಕದಲ್ಲೇ ಇಲ್ಲದ ವಿದ್ಯೆ. ಆ ದಿನಗಳಲ್ಲಿ ಕೆಳಗಿನ ಸೈಕಲ್ ಅಂಗಡಿಯವನೂ ಅವಳ ಕಣ್ಣಿಗೆ ಬೀಳದೆ ಓಡಾಡಿದ.

ಬೀಗಿತ್ತಿಗೆ ಬುದ್ಧಿ ಹೇಳಿದ್ದು ಯಾವ ಮನುಷ್ಯರೂ ಅಲ್ಲ. ಬಟ್ಟೆ ಅಂಗಡಿಯ ಬಾಗಿಲಲ್ಲಿದ್ದ ಆಳೆತ್ತರದ ಕನ್ನಡಿ. ಹಗಲು ಬೆಳಕಿನಲ್ಲಿ, ಹೊಸ ಉಡುಪು ಹಿಡಿದು ತನಗೆ ತಾನೇ ನಕ್ಕು ನೋಡಿಕೊಂಡಳು. ಕನ್ನಡಿಗೆ ಅಪ್‌ಡೇಟ್ ಬಂದಿರಲಿಲ್ಲ.

ಮರುದಿನ ಬೆಳಗ್ಗೆ ಮಹಡಿಯ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಬೀಗಿತ್ತಿ ಒಳಗೆ ಬಂದಳು. ಬರುವ ದಾರಿಯಲ್ಲೇ ಡಾಕ್ಟರ ಹತ್ತಿರ ಹೋಗಿ ಆ ಹಲ್ಲನ್ನು ತೆಗೆಸಿಕೊಂಡಿದ್ದಳು. ಅದನ್ನು ಕರವಸ್ತ್ರದಿಂದ ಬಿಚ್ಚಿ ಮೇಜಿನ ಮೇಲೆ ಟಣ್ಣೆಂದು ಇಟ್ಟಳು.

‘ನಿಮ್ಮ ವಸ್ತು.’

‘ಕೂತ್ಕೊಳ್ಳಿ.’

ಬೀಗಿತ್ತಿ ಕೂತಳು. ಕೈ ಮಾತ್ರ ಬಾಯಿಯಿಂದ ಇಳಿಯಲಿಲ್ಲ. ಇಡೀ ಊರಿಗೆ ತೋರಿಸಿಯಾಳು, ಹಲ್ಲಕ್ಕನಿಗೆ ಬೋಳು ಬಾಯಿ ತೋರಿಸುವುದೆಂದರೆ ಪ್ರಾಣ ಹೋದಷ್ಟು. ಹಲ್ಲಕ್ಕ ಕಡ್ಡಿಗಳ ಗೊಂಚಲು ಹಿಡಿದು ನಿಂತಳು. ‘ಕೈ ತೆಗೀರಿ’ ಎಂದರೆ ತೆಗೆಯುವವಳಲ್ಲವೆಂದು ಅವಳಿಗೆ ಗೊತ್ತಿತ್ತು.

‘ಚಪ್ಪಲಿ ಎಲ್ಲಿ ಬಿಟ್ರಿ?’ ಎಂದಳು. ‘ಮೆಟ್ಟಿಲ ಮೇಲೆ ತಾನೆ? ಪೋಸ್ಟಾಫೀಸಲ್ಲೂ ಹೀಗೇ ಅಡ್ಡಾದಿಡ್ಡಿ ಬಿಡ್ತಿದ್ರೇನೋ. ಅದಕ್ಕೇ ನನ್ನ ಕಾಗದ ಒಂದೂ ಸರಿಯಾದ ಮನೆಗೆ ಮುಟ್ಟಿಲ್ಲ.’

ಬೀಗಿತ್ತಿಯ ಕೈ ತಾನಾಗಿ ಇಳಿದು ಸೊಂಟಕ್ಕೆ ಹೋಯಿತು.

‘ಏನಂದ್ರಿ? ನನ್ನ ಕೌಂಟರಿಂದ ಒಂದು ಕಾಗದ, ಒಂದೇ ಒಂದು ಕಾಗದ, ಅಡ್ಡದಾರಿ ಹಿಡಿದದ್ದು ತೋರ್ಸಿ! ನೀವು ವಿಳಾಸ ಬರೆಯೋ ಅಂದ ನೋಡಿದ್ದೀನಿ. ಕೋಳಿ ಕೆದರಿದ ಹಾಗೆ! ಮಾತಾಡೋಕೆ ಬಂದ್ರು ಮಾತಾಡೋಕೆ, ಸುಣ್ಣಕ್ಕೂ ಹಲ್ಲಿಗೂ ವ್ಯತ್ಯಾಸ ಗೊತ್ತಿಲ್ದೋರು…’

ಹಲ್ಲು ಹೋದ ಸಂದಿಯಲ್ಲಿ ಗಾಳಿ ನುಸುಳಿ ಮಾತು ಸೀಟಿ ಹೊಡೆಯುತ್ತಿತ್ತು. ಬೀಗಿತ್ತಿ ನಿಲ್ಲಿಸಲಿಲ್ಲ. ಮದುವೆಯ ದಿನದಿಂದ ಒಳಗಿಟ್ಟದ್ದೆಲ್ಲ ಹೊರಗೆ ಬಂತು. ಹಲ್ಲಕ್ಕ ಒಂದು ಕಡ್ಡಿ ಹಿಡಿದಳು, ಬೇಡವೆಂದು ಇಟ್ಟಳು, ಇನ್ನೊಂದು ಹಿಡಿದಳು. ಬುಡದಲ್ಲಿ ತುಸು ಕಂದು, ನಡುವೆ ಹಳದಿ, ಅಂಚಿನಲ್ಲಿ ಬೂದಿ. ಈ ಬೈಗುಳಕ್ಕೆ ಈ ಬಣ್ಣವೇ ಸರಿ.

‘ಆಯ್ತು, ಹೋಗಿ’ ಎಂದಳು.

‘ಏನು ಆಯ್ತು? ನಾನಿನ್ನೂ ಮುಗಿಸಿಲ್ಲ!’

‘ಹಾಗಾದ್ರೆ ಮುಗಿಸಿ. ಚಹಾ ಇಡ್ತೀನಿ.’

ಹೊಸ ಹಲ್ಲು ಬೀಗಿತ್ತಿಯ ಬಾಯಿ ಸೇರಿತು. ಮುಂದಿನ ಭಾನುವಾರ ಮಗಳೇ ಫೋನು ಮಾಡಿ ತಾಯಿಯನ್ನು ಊಟಕ್ಕೆ ಕರೆದಳು. ಬೀಗಿತ್ತಿ ಮಾತಾಡಿದಳು, ನಕ್ಕಳು, ಉಂಡಳು. ಒಬ್ಬರೂ ಹಲ್ಲಿನ ಸುದ್ದಿ ಎತ್ತಲಿಲ್ಲ. ಕಾಣದ ಹಲ್ಲಿನ ಸುದ್ದಿ ಎತ್ತುವುದು ಹೇಗೆ? ಹಲ್ಲಕ್ಕ ಎರಡನೆಯ ಸಲ ಬಡಿಸಿಕೊಂಡು ಉಂಡಳು.

ಊಟವಾದ ಮೇಲೆ ಅಳಿಯ ಫೋನು ಎತ್ತಿದ. ‘ಅಮ್ಮ, ಅತ್ತೆ, ಇಬ್ಬರೂ ಪಕ್ಕಪಕ್ಕ ನಿಂತ್ಕೊಳ್ಳಿ. ಒಂದು ಫೋಟೋ. ನಗಿ!’

ಇಬ್ಬರೂ ಫೋನನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮಾತಾಡಿಕೊಂಡವರ ಹಾಗೆ ತುಟಿ ಬಿಗಿದು, ಗೋಡೆಯ ಹಾಗೆ ನಿಂತರು.

ಅಳಿಯ ಫೋಟೋವನ್ನು ಹೆಂಡತಿಗೆ ತೋರಿಸಿದ. ‘ಇದನ್ನ ಫ್ರೇಮ್ ಹಾಕಿಸ್ಬೇಕು ಕಣೇ’ ಎಂದ. ‘ಇಬ್ಬರೂ ಒಟ್ಟಿಗೆ ಬಾಯಿ ಮುಚ್ಕೊಂಡಿದ್ದು ಮದುವೆ ಆದ ಮೇಲೆ ಇದೇ ಮೊದಲು.’